ಬಿಳಿ ಚುಕ್ಕೆ, ಕಲ್ಲುಪ್ಪು ಮತ್ತು ನಮ್ಮೂರ ಕೆರೆ

ಈ ಕಡೆ ತಲೆ ಹಾಕಿ ತಿಂಗಳ ಮೇಲಾಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಮನೆಯಲ್ಲಿ ಮೂರು ಜನ ರೋಗಿಗಳಿದ್ದರು. ಮೂರೂ ಮೀನುಗಳು :)

ವಿಷಯ ಇಷ್ಟು. ಅಕ್ಕನ ಮಗಳು ಪುಟ್ಟಿ ರಜಕ್ಕೆ ಜಾವಗಲ್ಲಿಗೆ ಬರುವಾಗ ಹಾಸನದ ಒಂದು ಅಂಗಡಿಯಿಂದ ಗಾಜಿನ ತೊಟ್ಟಿ, ಮೂರು ಗೋಲ್ಡ್ ಫಿಶ್, ಒಂದು ಹಿಡಿ ಬಣ್ಣದ ಕಲ್ಲು ತಂದಿದ್ದಳು. ಒಂದು ವಾರ ಎಲ್ಲ ಚೆನ್ನಾಗಿತ್ತು. ಎಂಟನೇ ದಿನ ನೋಡಿದರೆ ಮೀನಿನ ಬಾಲದ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಬಿಳಿ ಚುಕ್ಕೆ. ಮಾರನೇ ದಿನ ಮೈಯೆಲ್ಲ. ಮೀನುಗಳು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಾ, ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

ಮನೆಯಲ್ಲಿ ತಲೆಗೊಂದು ಸಲಹೆ. ಅಂಗಡಿಯವನು ಫೋನಿನಲ್ಲಿ "ಹಸಿರು ಔಷಧಿ ಬರುತ್ತೆ ಸಾರ್, ಹತ್ತು ಹನಿ ಹಾಕಿ" ಅಂದ. ಅಪ್ಪ "ಉಪ್ಪು ಹಾಕೋ" ಅಂದರು. ಅಜ್ಜಿ ಮಾತ್ರ ಒಂದೇ ಮಾತು: "ಪಾಪ ಅವಕ್ಕ್ಯಾಕೋ ಈ ಸೆರೆವಾಸ? ಕೆರೆಗ್ ಬಿಟ್ಬಿಡ್ರೋ, ಬದುಕ್ಕೊಂಡ್ರೆ ಬದುಕ್ಕೊಳ್ಳಿ, ಪುಣ್ಯನಾದ್ರೂ ಬತ್ತದೆ."

ಪುಟ್ಟಿಗೆ ಅಜ್ಜಿ ಮಾತೇ ಸರಿ ಅನ್ನಿಸಿತು. ನನಗೂ. ಬಕೆಟ್ಟು ಕೈಗೆ ತಗೊಂಡು ಹೊರಟೂ ಬಿಟ್ಟಿದ್ದೆವು. ಬಾಗಿಲ ಹತ್ತಿರ ಯಾಕೋ ಅನುಮಾನ ಬಂದು ನಿಂತೆ. ಆ ಅನುಮಾನದಿಂದ ಶುರುವಾದ ಓದು ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆದರೆ ಬೈಕೋಬೇಡಿ.

ಮೊದಲು ನಮ್ಮ ಸೀಮೆಯಿಂದಲೇ ಶುರು ಮಾಡೋಣ. ಜಾವಗಲ್ ಅಂದ ಕೂಡಲೇ ಎಲ್ಲರಿಗೂ ಶ್ರೀನಾಥ್ ನೆನಪಾಗ್ತಾರೆ. ಆಮೇಲೆ 13ನೇ ಶತಮಾನದ ಲಕ್ಷ್ಮೀನರಸಿಂಹ ದೇವಸ್ಥಾನ. ಇಲ್ಲಿಂದ ಬಸ್ಸು ಹತ್ತಿದರೆ ಹಳೇಬೀಡು ದೂರವೇನಲ್ಲ. ಆ ರಾಜಧಾನಿಯ ಹಳೇ ಹೆಸರು ದೋರಸಮುದ್ರ. ಸಮುದ್ರ ಅಂದರೆ ಕಡಲಲ್ಲ, ಕೆರೆ. ಮಳೆ ಕಡಿಮೆ ಇರುವ ನಮ್ಮಂಥ ಕಡೆ ದೊಡ್ಡ ಕೆರೆಯನ್ನು ಸಮುದ್ರ ಅಂತ ಕರೆಯುವ ಆಸೆ ಅರ್ಥವಾಗುತ್ತದೆ. ಹೊಯ್ಸಳರ ಗುಡಿಗಳ ಪಟ್ಟಿಕೆಗಳಲ್ಲಿ ಆನೆ, ಕುದುರೆಗಳ ಜೊತೆ ಮಕರ ಕೂಡ ಸಾಲಾಗಿ ನಡೆದಿದೆ. ನೀರನ್ನು ಕಲ್ಲಿನಲ್ಲೂ ಮರೆಯದ ಜನ.

ವಿಷ್ಣುವರ್ಧನ ಇಲ್ಲಿ ಆಳುತ್ತಿದ್ದ ಕಾಲಕ್ಕೇ ಕಲ್ಯಾಣದಲ್ಲಿ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಇದ್ದ. ಸುಮಾರು 1130ರ ಹೊತ್ತಿಗೆ ಅವನು ಬರೆದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ 'ಮತ್ಸ್ಯವಿನೋದ' ಅಂತಲೇ ಒಂದು ಅಧ್ಯಾಯ ಇದೆ. ಯಾವ ಯಾವ ಮೀನು, ಯಾವುದು ಎಲ್ಲಿ ವಾಸಿಸುತ್ತದೆ, ಯಾವುದಕ್ಕೆ ಏನು ತಿನ್ನಿಸಬೇಕು, ಗಾಳಕ್ಕೆ ದಾರ ಹೇಗಿರಬೇಕು, ಎಲ್ಲ ಇದೆ. ಝೂಲಾಜಿಕಲ್ ಸರ್ವೆ ಆಫ್ ಇಂಡಿಯಾದ ನಿರ್ದೇಶಕರಾಗಿದ್ದ ಸುಂದರ್‌ಲಾಲ್ ಹೋರಾ ಇದರ ಬಗ್ಗೆ 1951ರಲ್ಲಿ ಲೇಖನ ಬರೆದು ವಿಜ್ಞಾನಿಗಳ ಗಮನಕ್ಕೆ ತಂದರು. ಕನ್ನಡ ನಾಡಿನ ಅರಸನೊಬ್ಬ ಸಿಹಿನೀರಿನ ಮೀನುಗಳನ್ನು ಇಷ್ಟು ಹತ್ತಿರದಿಂದ ನೋಡಿದ್ದ ಅನ್ನೋದೇ ಖುಷಿ. ಆದರೆ ಅವನ ಗಮನವೆಲ್ಲ ಮೀನು ಹಿಡಿಯುವ ಆಟದ ಮೇಲೆ. ಹಿಡಿಯುವ ಮೀನಿಗೆ ಕಾಯಿಲೆ ಬಂದರೆ ಇನ್ನೊಂದು ಮೀನು ಹಿಡಿದರಾಯ್ತು. ಮೀನಿಗೆ ಮದ್ದು ಮಾಡಬೇಕು ಅಂತ ಅನ್ನಿಸಬೇಕಾದರೆ ಮೊದಲು ಅದನ್ನು ಮನೆಯೊಳಗೆ ಇಟ್ಟುಕೊಂಡು, ದಿನಾ ಮುಖ ನೋಡಬೇಕು.

ಆ ಕೆಲಸ ಮಾಡಿದವರು ಚೀನಾದವರು. ನಮ್ಮಲ್ಲಿ ಹೊಯ್ಸಳರಿದ್ದ ಹಾಗೆ ಅಲ್ಲಿ ಸೋಂಗ್ ವಂಶ. ಗೋಲ್ಡ್ ಫಿಶ್ ಅನ್ನೋ ಮೀನು ಮನೆಸಾಕಾಗಿ ಬೆಳೆದದ್ದು ಆ ಕಾಲದಲ್ಲೇ. ಸೋಂಗ್ ಕಾಲದ್ದೆಂದು ಹೇಳುವ, ಕವಿ ಸು ಶಿ (1037-1101) ಹೆಸರಿನಲ್ಲಿ ಪ್ರಚಲಿತವಾಗಿರುವ ಒಂದು ಪುಸ್ತಕದಲ್ಲಿ ಪುಟ್ಟಿಯ ಮೀನಿನ ಕಾಯಿಲೆಯೇ ಇದೆ! ಮೀನು ಸೊರಗಿ ಮೈಮೇಲೆ ಬಿಳಿ ಚುಕ್ಕೆ ಎದ್ದರೆ ಅದು ಹೇನು, ನೀರಿಗೆ ಒಂದು ಬಗೆಯ ಮರದ ತೊಗಟೆ ಹಾಕಿದರೆ ವಾಸಿಯಾಗುತ್ತದೆ ಅನ್ನುವ ಅರ್ಥದ ಮಾತು. ನಗಬೇಡಿ. ಇವತ್ತಿಗೂ ಫೈಟರ್ ಮೀನು ಸಾಕುವವರು ತೊಟ್ಟಿಗೆ ಕಾಡು ಬಾದಾಮಿಯ ಒಣಗಿದ ಎಲೆ ಹಾಕುತ್ತಾರೆ. ಎಲೆಯಿಂದ ಒಗರು ಇಳಿದು ನೀರು ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ತೊಗಟೆಯಲ್ಲೂ ಅದೇ ಒಗರು.

ಆದರೆ ಚುಕ್ಕೆ ಒಳಗೆ ಏನಿದೆ ಅಂತ ನೋಡೋಕೆ ಸೂಕ್ಷ್ಮದರ್ಶಕ ಬರಬೇಕಾಯಿತು. ಕಣ್ಣಿಗೆ ಕಾಣುವ ಪರೋಪಜೀವಿಗಳು ಮೊದಲು ಸಿಕ್ಕಿಬಿದ್ದವು. ಸ್ಟ್ರಾಸ್‌ಬರ್ಗಿನ ಬಾಲ್ಡ್ನರ್ ಎಂಬ ಮೀನುಗಾರ 1666ರಲ್ಲೇ ಮೀನಿನ ಹೇನಿನ ಬಗ್ಗೆ ಬರೆದಿಟ್ಟಿದ್ದ. ಪ್ರೊಫೆಸರ್ ಅಲ್ಲ, ಬಲೆ ಬೀಸುವವನು! 1758ರಲ್ಲಿ ಲಿನೇಯಸ್ ತನ್ನ ಪಟ್ಟಿಯಲ್ಲಿ 'ಲರ್ನಿಯಾ' ಹೆಸರು ಸೇರಿಸಿದ. ಇದು ಮೀನಿನ ಮಾಂಸದೊಳಗೆ ತಲೆಯನ್ನು ಕೊಕ್ಕೆ ಥರ ಊರಿ, ಹೊರಗೆ ದಾರದ ತುಂಡಿನ ಹಾಗೆ ನೇತಾಡುವ ಜೀವಿ. ನೋಡೋಕೆ ಹುಳು, ಜಾತಿಯಲ್ಲಿ ಸಿಗಡಿಯ ನೆಂಟ. 1785ರಲ್ಲಿ ಡೆನ್ಮಾರ್ಕಿನ ಮುಲ್ಲರ್ ಮೀನಿನ ಹೇನಿಗೆ 'ಆರ್ಗ್ಯುಲಸ್' ಅಂತ ಹೆಸರಿಟ್ಟ.

ಬಿಳಿ ಚುಕ್ಕೆಯ ಕಥೆ ಬಿಚ್ಚಿಕೊಂಡದ್ದು ಅಕ್ವೇರಿಯಂಗಳು ಬಂದ ಮೇಲೆ. ಲಂಡನ್ ಝೂನಲ್ಲಿ 1853ರಲ್ಲಿ ಮೀನಿನ ಮನೆ ತೆರೆದರು. ಮಾರನೇ ವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಅನ್ನೋ ಪದ ಮನೆಮಾತಾಯಿತು. ಗಾಜಿನ ಹಿಂದೆ ಮೀನು ಇಟ್ಟಾಗ ಎರಡು ಸಂಗತಿ ಆಯಿತು. ಒಂದು, ಕಾಯಿಲೆ ಕಣ್ಣಿಗೆ ಕಾಣತೊಡಗಿತು. ಇನ್ನೊಂದು, ಕಾಯಿಲೆ ಹೆಚ್ಚಾಯಿತು! ಕೆರೆಯಲ್ಲಿ ಚೆದುರಿ ಹೋಗುವ ಮರಿಗಳು ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಮತ್ತೆ ಅದೇ ಮೀನಿನ ಮೈಗೇ. 1869ರಲ್ಲಿ ಹ್ಯಾಂಬರ್ಗಿನಲ್ಲಿ ಹಿಲ್ಗೆನ್‌ಡಾರ್ಫ್ ಮತ್ತು ಪೌಲಿಕಿ ಎಂಬಿಬ್ಬರು ಸಿಹಿನೀರಿನ ಮೀನುಗಳ ಚರ್ಮದಲ್ಲಿ ಈ ಜೀವಿಯನ್ನು ಕಂಡು ಬರೆದರು. 1876ರಲ್ಲಿ ಫ್ರಾನ್ಸಿನ ಫೂಕೆ ಅದಕ್ಕೆ ಇಕ್ತಿಯಾಫ್ತಿರಿಯಸ್ ಮಲ್ಟಿಫಿಲಿಸ್ ಅಂತ ನಾಮಕರಣ ಮಾಡಿದ. ನಾಲಿಗೆ ತಿರುಗದಿದ್ದರೆ ಅರ್ಥ ಕೇಳಿ: ಬಹಳ ಮಕ್ಕಳಿರುವ ಮೀನಿನ ಹೇನು. ಚೀನಾದವರೂ ಹೇನು ಅಂತಲೇ ಕರೆದಿದ್ದರಲ್ಲ! ನಿಜಕ್ಕೂ ಅದು ಹೇನಲ್ಲ, ಮೈತುಂಬಾ ಸಣ್ಣ ಕೂದಲಿರುವ ಒಂದೇ ಜೀವಕೋಶದ ಪ್ರಾಣಿ.

ಈ ಪ್ರಾಣಿಯ ಜೀವನ ತಿಳಿದರೆ ಔಷಧಿಯ ಇತಿಹಾಸವೆಲ್ಲ ತಿಳಿಯುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ. ನಾವು ನೋಡುವ ಬಿಳಿ ಚುಕ್ಕೆ ಮೀನಿನ ಚರ್ಮದ ಕೆಳಗೆ ಕೂತು ಉಣ್ಣುತ್ತಿರುವ ಪ್ರಾಣಿ. ಮೇಲೆ ಚರ್ಮದ ಹೊದಿಕೆ ಇದೆ, ನೀರಿಗೆ ಹಾಕಿದ ಮದ್ದು ಅಲ್ಲಿಗೆ ತಲುಪುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಅದು ಚರ್ಮ ಒಡೆದು ಕೆಳಗೆ ಬೀಳುತ್ತದೆ. ಕಲ್ಲಿಗೋ ಗಾಜಿಗೋ ಅಂಟಿಕೊಂಡು ಸುತ್ತ ಲೋಳೆಯ ಗೂಡು ಕಟ್ಟಿ, ಒಂದು ಎರಡಾಗಿ, ಎರಡು ನಾಲ್ಕಾಗಿ ನೂರಾರು, ಕೆಲವೊಮ್ಮೆ ಸಾವಿರದವರೆಗೂ ಮರಿಯಾಗುತ್ತದೆ. ಮರಿಗಳು ಈಜುತ್ತಾ ಮೀನು ಹುಡುಕುತ್ತವೆ. ಒಂದೆರಡು ದಿನದೊಳಗೆ ಮೀನು ಸಿಗಲಿಲ್ಲವೋ, ಸತ್ತವು. ಉಪ್ಪಾಗಲಿ ಬಣ್ಣವಾಗಲಿ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ. ನೀರು 25 ಡಿಗ್ರಿ ಬೆಚ್ಚಗಿದ್ದರೆ ಈ ಚಕ್ರ ಒಂದು ವಾರದೊಳಗೆ ಮುಗಿಯುತ್ತದೆ, ಚಳಿ ನೀರಿನಲ್ಲಿ ತಿಂಗಳೂ ಹಿಡಿಯಬಹುದು. ಅದಕ್ಕೇ ಒಂದು ದಿನ ಔಷಧಿ ಹಾಕಿ, ಚುಕ್ಕೆ ಉದುರಿದ್ದು ನೋಡಿ "ವಾಸಿಯಾಯ್ತು" ಅಂತ ಕುಣಿದವರ ತೊಟ್ಟಿಯಲ್ಲಿ ವಾರದ ನಂತರ ಎಲ್ಲ ಮೀನೂ ಸಾಯುತ್ತವೆ. ಚುಕ್ಕೆ ಮಾಯವಾದದ್ದು ಗುಣವಾಗಿ ಅಲ್ಲ, ಮರಿ ಹಾಕೋಕೆ ಹೋದದ್ದು.

ಈಗ ಒಂದು ಕಾಕತಾಳೀಯ ನೋಡಿ. ಫೂಕೆ ಹೆಸರಿಟ್ಟ ಅದೇ 1876ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿಯ ಹೈನ್ರಿಖ್ ಕಾರೋ ಬಟ್ಟೆಗೆ ಹಾಕೋ ಒಂದು ನೀಲಿ ಬಣ್ಣ ತಯಾರಿಸಿದ. ಮೆಥಿಲೀನ್ ಬ್ಲೂ. ಮಾರನೇ ವರ್ಷ 1877ರಲ್ಲಿ ಆಟೋ ಫಿಶರ್ ಹಸಿರು ಬಣ್ಣ ತಯಾರಿಸಿದ. ಮ್ಯಾಲಕೈಟ್ ಗ್ರೀನ್, ನಮ್ಮ ಅಂಗಡಿಯವನು ಹೇಳಿದ "ಹಸಿರು ಔಷಧಿ" ಅನೇಕ ಸಲ ಇದೇ ಆಗಿರುತ್ತದೆ. ಎರಡೂ ಸೀರೆ, ದಾರಕ್ಕೆ ಅಂತ ಹುಟ್ಟಿದವು. ಬಣ್ಣ ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ, ಹಾಗಾದರೆ ರೋಗಾಣುವಿಗೆ ಮಾತ್ರ ಅಂಟಿ ಅದನ್ನು ಕೊಲ್ಲುವ ಬಣ್ಣ ಯಾಕಿರಬಾರದು ಅಂತ ಯೋಚಿಸಿದವನು ಪಾಲ್ ಎರ್ಲಿಖ್. 1891ರಲ್ಲಿ ಅವನೂ ಗುಟ್‌ಮನ್ ಎಂಬ ವೈದ್ಯನೂ ಮೆಥಿಲೀನ್ ಬ್ಲೂವನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದರು. ಇವತ್ತು ಮೀನಿನಂಗಡಿಯಲ್ಲಿ ಸಿಗುವ ನೀಲಿ ಬಾಟಲಿ ಒಂದು ಕಾಲಕ್ಕೆ ಮಲೇರಿಯಾ ಔಷಧಿ! ಮ್ಯಾಲಕೈಟ್ ಗ್ರೀನ್ 1930ರ ದಶಕದಲ್ಲಿ ಅಮೆರಿಕದ ಮೀನು ಮರಿ ಕೇಂದ್ರಗಳಿಗೆ ಕಾಲಿಟ್ಟಿತು. 1972ರಲ್ಲಿ ಅದಕ್ಕೆ ಫಾರ್ಮಲಿನ್ ಬೆರೆಸಿದ ಮಿಶ್ರಣದ ವರದಿ ಬಂತು. ಬಿಳಿ ಚುಕ್ಕೆಗೆ ರಾಮಬಾಣ ಅಂತ ಹೆಸರಾಯಿತು.

ಮಲೇರಿಯಾ ಅಂದೆನಲ್ಲ, ಇಲ್ಲಿಗೆ ಮೈಸೂರು ಸಂಸ್ಥಾನ ಬರುತ್ತದೆ. ಹಳೇ ಮೈಸೂರಿನ ನೀರಾವರಿ ಸೀಮೆಗಳಲ್ಲಿ ಮಲೇರಿಯಾ ಜನರನ್ನು ಹಣ್ಣು ಮಾಡಿಬಿಟ್ಟಿತ್ತು. ಮಲೇರಿಯಾ ತಜ್ಞ ಡಾ. ಬಿ.ಎ. ರಾವ್ 1928ರಲ್ಲಿ ಇಟಲಿಯಿಂದ ಗ್ಯಾಂಬೂಸಿಯಾ ಎಂಬ ಪುಟ್ಟ ಮೀನು ತರಿಸಿದರು. ಸೊಳ್ಳೆ ಮರಿ ತಿನ್ನುವ ಮೀನು. ಗಪ್ಪಿ ಅದಕ್ಕೂ ಮೊದಲೇ ದೇಶಕ್ಕೆ ಬಂದಿತ್ತು. ಮುಂದೆ 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳ ಬಾವಿಗಳಿಗೆ ಮಲೇರಿಯಾ ಸಂಶೋಧಕರು ಗಪ್ಪಿ ಬಿಟ್ಟರು, ರೋಗ ಚೆನ್ನಾಗಿ ಇಳಿಯಿತು. 2001ರ ಡಿಸೆಂಬರಿನಲ್ಲಿ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಎರಡು ವಾರ ಸಂಜೆ ಹೊತ್ತು ಕಲಾಜಾಥಾ ಮಾಡಿ ಜನರಿಗೆ ಮಲೇರಿಯಾ ತಡೆಯುವ ವಿಷಯ ತಿಳಿಸಿದ್ದರು. ನಾನು ಚಿಕ್ಕವನಿದ್ದಾಗ ನಮ್ಮ ತೋಟದ ಬಾವಿಯಲ್ಲೂ ಗಪ್ಪಿಗಳಿದ್ದವು. ಅವು ಅಕ್ವೇರಿಯಂ ಮೀನು ಅಂತ ನನಗೆ ಗೊತ್ತಾಗಿದ್ದು ಬೆಂಗಳೂರಿಗೆ ಹೋದ ಮೇಲೆ. ದುಡ್ಡು ಕೊಟ್ಟು ಜನ ಗಪ್ಪಿ ತಗೊಳ್ಳೋದು ನೋಡಿ ನಕ್ಕಿದ್ದೆ.

ಅಂದರೆ ಮನುಷ್ಯನ ಪರೋಪಜೀವಿಗೆ ಮೀನೇ ಮದ್ದು. ಮೀನಿನ ಪರೋಪಜೀವಿಗೆ ಮನುಷ್ಯನ ಮದ್ದು. ಚಂದದ ಕೊಡು-ಕೊಳ್ಳು ಅನ್ನಿಸುತ್ತೆ ಅಲ್ವಾ? ಆದರೆ ಅಷ್ಟು ಸುಲಭ ಇಲ್ಲ. ಆ ಗ್ಯಾಂಬೂಸಿಯಾ ಇವತ್ತು ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಸೊಳ್ಳೆ ಮರಿಯ ಜೊತೆ ಊರಿನ ಮೀನಿನ ಮೊಟ್ಟೆ ಮರಿಗಳನ್ನೂ ತಿಂದು ಹಾಕುತ್ತದೆ. ಒಳ್ಳೆಯ ಉದ್ದೇಶದಿಂದ ನೀರಿಗೆ ಬಿಟ್ಟ ಮೀನೇ ಅದು.

ಮೀನು ಒಂದೇ ಹೋಗುವುದಿಲ್ಲ, ತನ್ನ ಮೈಮೇಲಿನ ಸಂಸಾರವನ್ನೂ ಕರೆದುಕೊಂಡು ಹೋಗುತ್ತದೆ. ಲರ್ನಿಯಾ ಇವತ್ತು ಹೆಚ್ಚೂಕಡಿಮೆ ಎಲ್ಲ ಖಂಡಗಳಲ್ಲೂ ಇರೋದಕ್ಕೆ ಕಾರಣ ಕಾಮನ್ ಕಾರ್ಪ್ ಮತ್ತು ಗೋಲ್ಡ್ ಫಿಶ್ ವ್ಯಾಪಾರ. ನಮ್ಮ ದೇಶದಲ್ಲೇ ನೋಡಿ. 1874ರಲ್ಲಿ ಊಟಿಗೆ ವಿದೇಶದ ಕಾರ್ಪ್ ಬಂತು, 1939ರಲ್ಲಿ ಸಿಲೋನಿನಿಂದ ಇನ್ನೊಂದು ತಳಿ ಬಂತು. 1957ರ ಜುಲೈ 10ರಂದು ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಹಾರ್ಮೋನ್ ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಗೆದ್ದ ಮೇಲೆ ಕಾಟ್ಲಾ, ರೋಹು, ಮೃಗಾಲ್ ಮರಿಗಳು ದೇಶದ ಮೂಲೆಮೂಲೆಯ ಕೆರೆಗೆ ಹೋದವು. ನಮ್ಮ ಕಡೆ ಕೆರೆ ಹರಾಜಾಗಿ ಮೀನು ಸಾಕುವುದು ಇವತ್ತು ಮಾಮೂಲು. ಅದರಿಂದ ಎಷ್ಟೋ ಮನೆಗೆ ಊಟ ಬಂತು, ಅದನ್ನು ಅಲ್ಲಗಳೆಯೋಕೆ ಆಗಲ್ಲ. ಮರಿಗಳ ಜೊತೆ ಹೇನೂ ಬಂದಾವು ಅಂತಲೇ ಕೆರೆಗೆ ಬಿಡುವ ಮುಂಚೆ ಉಪ್ಪುನೀರಿನಲ್ಲೋ ಪೊಟ್ಯಾಶಿಯಂ ಪರ್ಮಾಂಗನೇಟಿನಲ್ಲೋ ಮರಿಗಳನ್ನು ಅದ್ದಿ ತೆಗೆಯಿರಿ ಅಂತ ಮೀನುಗಾರಿಕೆ ತಜ್ಞರು ಹೇಳುತ್ತಾರೆ.

ಕೆರೆಗೆ ರೋಗ ಹೊಕ್ಕರೆ ಏನಾಗುತ್ತೆ ಅನ್ನೋದಕ್ಕೆ 1988 ಸಾಕು. ಆ ವರ್ಷ ಈಶಾನ್ಯ ಭಾರತಕ್ಕೆ ಮೀನಿನ ಹುಣ್ಣು ರೋಗ ಕಾಲಿಟ್ಟಿತು. ಅದು ಹೇನಿನ ಜಾತಿಯಲ್ಲ, ನೀರಿನ ಬೂಷ್ಟಿನ ಜಾತಿ. ಮುಂದಿನ ಕೆಲವೇ ವರ್ಷಗಳಲ್ಲಿ ದಕ್ಷಿಣಕ್ಕೂ ಬಂತು. ಮೈ ಕೊಳೆತ ಮೀನು ನೋಡಿ ಜನ ಒಳ್ಳೆಯ ಮೀನು ತಿನ್ನೋದನ್ನೂ ಬಿಟ್ಟರು, ಮೀನುಗಾರರ ಹೊಟ್ಟೆಗೆ ಕಲ್ಲು ಬಿತ್ತು. ತೊಟ್ಟಿಯಾದರೆ ನೀರು ಚೆಲ್ಲಬಹುದು. ಕೆರೆಯನ್ನು ಎಲ್ಲಿಗೆ ಚೆಲ್ಲೋಣ? ಸುಣ್ಣ ಹಾಕಿ ಕಾಯಬೇಕಷ್ಟೆ.

ಕೆರೆಗೆ ಔಷಧಿ ಸುರಿದದ್ದೂ ಇದೆ. 1950ರ ದಶಕದಲ್ಲಿ ನಮ್ಮ ದೇಶದಲ್ಲಿ ಮೀನಿನ ಹೇನಿಗೆ ಗ್ಯಾಮೆಕ್ಸಿನ್ ಬಳಸುತ್ತಿದ್ದರು. ಹೌದು, ತಿಗಣೆಗೆ, ಇರುವೆಗೆ ಅಂತ ಅಜ್ಜಿ ಕಾಲದಲ್ಲಿ ಮನೆ ಮೂಲೆಗೆ ಹಾಕುತ್ತಿದ್ದ ಅದೇ ಪುಡಿ. ಹೇನು ಸತ್ತಿತು, ವಿಷ ಉಳಿಯಿತು. ಅದರೊಳಗಿನ ಲಿಂಡೇನ್ 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ಮ್ಯಾಲಕೈಟ್ ಗ್ರೀನ್ ಕಥೆಯೂ ಹೀಗೇ. ಅದು ಮೀನಿನ ಮೈಯೊಳಗೆ ಬಣ್ಣವಿಲ್ಲದ ಇನ್ನೊಂದು ರೂಪಕ್ಕೆ ತಿರುಗಿ ಮಾಂಸದಲ್ಲಿ ಬಹಳ ಕಾಲ ಕೂತಿರುತ್ತದೆ. ತಿನ್ನುವವರ ಆರೋಗ್ಯಕ್ಕೆ ಅಪಾಯ ಅಂತ ಅಮೆರಿಕ, ಯೂರೋಪ್ ಸೇರಿ ಅನೇಕ ಕಡೆ ತಿನ್ನುವ ಮೀನಿಗೆ ಅದನ್ನು ಬಳಸುವಂತಿಲ್ಲ. 2007ರಲ್ಲಿ ಅಮೆರಿಕ ಚೀನಾದ ಸಾಕಿದ ಮೀನುಗಳನ್ನು ತಡೆದಾಗ ಕೊಟ್ಟ ಕಾರಣಗಳಲ್ಲಿ ಈ ಬಣ್ಣವೂ ಇತ್ತು. ಅಕ್ವೇರಿಯಂ ಮೀನನ್ನು ಯಾರೂ ತಿನ್ನಲ್ಲವಲ್ಲ ಅಂತ ತೊಟ್ಟಿಗೆ ಮಾತ್ರ ಉಳಿದುಕೊಂಡಿದೆ. ಸರಿ, ಆದರೆ ಆ ತೊಟ್ಟಿಯ ನೀರು ಚರಂಡಿಗೆ, ಚರಂಡಿ ಕೆರೆಗೆ, ಕೆರೆಯ ಮೀನು ನಮ್ಮ ತಟ್ಟೆಗೆ...

ಹೀಗೆಲ್ಲ ಓದಿ ಮುಗಿಸಿದಾಗ ಬಕೆಟ್ಟು ಇನ್ನೂ ಬಾಗಿಲ ಹತ್ತಿರವೇ ಇತ್ತು. ಅಜ್ಜಿಗೆ ಹೇಳಿದೆ: "ಅಜ್ಜಿ, ಇವನ್ನ ಕೆರೆಗೆ ಬಿಟ್ರೆ ಮೂರು ಮೀನಿಗೆ ಪುಣ್ಯ, ಕೆರೆ ಮೀನಿಗೆಲ್ಲ ಪಾಪ. ಸಿಡುಬು ಆದವರನ್ನ ಜಾತ್ರೆಗೆ ಕಳಿಸ್ತಿದ್ರಾ?" ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಕಣಪ್ಪ, ಬೇರೆ ಇಕ್ಕೋರು, ಬಾಗ್ಲಿಗೆ ಬೇವಿನ ಸೊಪ್ಪು ಕಟ್ಟೋರು" ಅಂದರು. ನೂರೈವತ್ತು ವರ್ಷದ ಮೀನು ವೈದ್ಯಶಾಸ್ತ್ರ ಅಜ್ಜಿಯ ಒಂದು ಮಾತಿನಲ್ಲಿ ಇತ್ತು!

ನಾವು ಮಾಡಿದ್ದು ಇಷ್ಟು. ಎರಡು ಬಕೆಟ್ಟು. ಬಾವಿ ನೀರು, ಲೀಟರಿಗೆ ಸುಮಾರು ಮೂರು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಕರಗಿಸಿದ್ದು. ಬೆಳಿಗ್ಗೆ ಒಂದು ಬಕೆಟ್ಟು, ಸಂಜೆ ಇನ್ನೊಂದು. ಮೀನನ್ನು ಬದಲಿಸಿದ ಕೂಡಲೇ ಖಾಲಿ ಬಕೆಟ್ಟನ್ನು ತಿಕ್ಕಿ ತೊಳೆದು ಒಣಗಿಸುವುದು. ಮೀನಿನ ಮೈಯಿಂದ ಉದುರಿದ ಪ್ರಾಣಿ ತಳಕ್ಕೆ ಅಂಟಿ ಮರಿಯಾಗೋದರೊಳಗೆ ಮೀನು ಅಲ್ಲಿಂದ ಖಾಲಿ! ಅರಸೀಕೆರೆ ತಾಲ್ಲೂಕಿನ ಬಿಸಿಲಿನಲ್ಲಿ ಒಂದು ಗಂಟೆ ಕವುಚಿಟ್ಟರೆ ಬಕೆಟ್ಟು ಹಪ್ಪಳ. ಈ ಬಿಸಿಲನ್ನು ಹೊಗಳುವ ಸಂದರ್ಭ ನನ್ನ ಜೀವನದಲ್ಲಿ ಇದೇ ಮೊದಲು :) ಹಳೇ ನೀರನ್ನೆಲ್ಲ ತೆಂಗಿನ ಪಾತಿಗೆ ಸುರಿದೆವು, ತೆಂಗಿಗೆ ಉಪ್ಪು ಆಗದ್ದೇನಲ್ಲ. ಗಾಜಿನ ತೊಟ್ಟಿಯನ್ನೂ ಬಣ್ಣದ ಕಲ್ಲನ್ನೂ ಪೂರ್ತಿ ಒಣಗಿಸಿ ಇಟ್ಟೆವು. ಹತ್ತು ದಿನ ಹೀಗೇ ನಡೆಯಿತು.

ನಾಲ್ಕನೇ ದಿನ ಒಂದು ಮೀನು ಸತ್ತಿತು. ಅದರ ಕಿವಿರು ಆಗಲೇ ಹಾಳಾಗಿತ್ತು. ಪುಟ್ಟಿ ಅತ್ತಳು, "ಮಾಮ, ಕೆರೆಗೆ ಬಿಟ್ಟಿದ್ರೆ ಬದುಕ್ತಿತ್ತೇನೋ" ಅಂದಳು. ಏನು ಹೇಳೋದು? ಬದುಕುತ್ತಿತ್ತೋ ಏನೋ, ಆದರೆ ಕಾಯಿಲೆಯೂ ಬದುಕುತ್ತಿತ್ತು ಅಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ಸಂಜೆ ಬಕೆಟ್ಟು ತಿಕ್ಕೋಕೆ ಅವಳೇ ಬಂದಳು. ಮೀನನ್ನು ದಾಸವಾಳದ ಬುಡದಲ್ಲಿ ಹೂತೆವು.

ಉಳಿದ ಎರಡು ಮೀನು ಈಗ ತೊಟ್ಟಿಗೆ ವಾಪಸ್ ಬಂದಿವೆ. ಮೂರು ವಾರ ಆಯ್ತು, ಚುಕ್ಕೆ ಇಲ್ಲ. ಅಜ್ಜಿ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ತೊಟ್ಟಿ ಮುಂದೆ ಕೂತು "ಏನ್ರವ್ವಾ, ಉಂಡ್ರಾ?" ಅಂತ ವಿಚಾರಿಸುತ್ತಾರೆ.

ನಿಮ್ಮ ಮನೆಯಲ್ಲೂ ಮೀನಿದ್ದರೆ ಒಂದೇ ಮಾತು: ಹೊಸ ಮೀನು ತಂದರೆ ಮೂರು ವಾರ ಬೇರೆ ತೊಟ್ಟಿಯಲ್ಲಿಡಿ. ಸಾಕೋಕೆ ಆಗದಿದ್ದರೆ ಸಾಕುವವರಿಗೆ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ. ನಮ್ಮ ಹಿರಿಯರು ಕೆರೆಗೆ ಸಮುದ್ರ ಅಂತ ಹೆಸರಿಟ್ಟರು ನಿಜ, ಆದರೆ ನಾವು ಹಾಕಿದ್ದನ್ನೆಲ್ಲ ನುಂಗಿಕೊಳ್ಳುವಷ್ಟು ದೊಡ್ಡದಲ್ಲ ಅದು.